ಕಾಳವ್ವ ಕೂರುವ ಜಾಗ

ಸಭೆಯ ಹಿರಿಯರಿಗೆ, ಫೋಟೋ-ವಿಡಿಯೋ ಕೆಲಸದ ನನ್ನ ಬಂಧುಗಳಿಗೆ, ಹಿಂದಿನ ಸಾಲಿನಲ್ಲಿ ಮನೆಯವರ ಜೊತೆ ಕುಳಿತಿರುವ ಲಾಡಲೇಸಾಬರ ಮಡದಿ ಗುಲಶನ ಭಾಭಿಯವರಿಗೆ — ನಮಸ್ಕಾರ. ನಾನು ಸಂಗನಬಸವ. ಇಬ್ರಾಹಿಂಪುರದ ಸ್ಟುಡಿಯೋದಲ್ಲಿ ಲಾಡಲೇಸಾಬರ ಜೊತೆ ಹದಿನಾಲ್ಕು ವರ್ಷ ಮದುವೆ ವಿಡಿಯೋ ಎಡಿಟಿಂಗ್ ಮಾಡಿದವನು. ನನಗೆ ಮಾತಾಡಲು ಬರುವುದಿಲ್ಲ — ಕತ್ತರಿಸಲು ಬರುತ್ತದೆ. ಅದಕ್ಕೇ ನಮ್ಮನ್ನು ಅಗಲಿದ ಲಾಡಲೇಸಾಬರ ಬಗ್ಗೆ ಒಂದೇ ಸಂಗತಿ ಹೇಳುತ್ತೇನೆ.

ಬಿಜ್ಜರಗಿಯ ಕಾಳವ್ವ ಇಲ್ಲೇ ಮುಂದೆ ಕುಳಿತಿದ್ದಾರೆ. ಮೊಮ್ಮಗಳ ಮದುವೆಯಲ್ಲಿ ಇವರ ಯಜಮಾನರು ಮೈಕ್ ಹಿಡಿದು ಹರಸಿದ್ದರು. ತಿಂಗಳೊಳಗೆ ತೀರಿಕೊಂಡರು. ಅವರ ದನಿ ಉಳಿದದ್ದು ನಾವು ಮಾಡಿಕೊಟ್ಟ ಆ ಮದುವೆಯ ವಿಡಿಯೋದಲ್ಲಿ ಮಾತ್ರ. ಕಾಳವ್ವ ಪೆನ್ ಡ್ರೈವ್ ಸೆರಗಿಗೆ ಕಟ್ಟಿಕೊಂಡು ಬಂದು, "ಯಪ್ಪಾ, ನಮ್ಮವರ ಮಾತು ಕೇಳಸವಲ್ದು," ಎಂದರು. ನಾನು ದೊಡ್ಡ ಪರದೆಯ ಮುಂದೆ ಕುಳಿತು, ಹೆಡ್‌ಫೋನ್ ನನ್ನ ಕಿವಿಗೇ ಹಾಕಿಕೊಂಡು ಕೇಳಿದೆ. ಎಲ್ಲಾ ಸ್ಪಷ್ಟ! "ನಮ್ಮ ಕೆಲಸದಾಗ ತಪ್ಪಿಲ್ಲಬೇ, ನಿನ್ನ ಕಿವೀನ ಮಂದ ಆಗ್ಯಾವ," ಎಂದುಬಿಟ್ಟೆ.

ಲಾಡಲೇಸಾಬರು ಅದನ್ನು ಕೇಳಿಸಿಕೊಂಡು ಬೈಕ್ ತೆಗೆದರು. "ಸಂಗು, ಹಿಂದ ಕೂಡು," ಎಂದರು.

ಕಾಳವ್ವನ ಮನೆಯಲ್ಲಿ ಟಿವಿ — ಇಲ್ಲಿ ನೋಡ್ರಿ — ನನ್ನ ತಲೆಗಿಂತ ಇಷ್ಟು ಮೇಲೆ. ಎದುರಿಗೆ ತೆರೆದ ಬಾಗಿಲು, ಪರದೆಯ ತುಂಬಾ ಬಿಸಿಲು. ಅಂಗಳದಲ್ಲಿ ಆಡುಗಳು, ತಗಡಿನ ಕೆಳಗೆ ಗರಗರ ಎನ್ನುವ ಫ್ಯಾನು. ನಮಗೆ ಕುರ್ಚಿ ಹಾಕಿದರು. ನಾನು ಕುಳಿತೆ, ಲಾಡಲೇಸಾಬರು ಕೂರಲಿಲ್ಲ. "ಅವ್ವಾ, ನೀ ಎಲ್ಲಿ ಕುಂತು ನೋಡ್ತಿ?" ಎಂದು ಕೇಳಿ, ಕಾಳವ್ವ ತೋರಿಸಿದ ಒಲೆಯ ಪಕ್ಕ, ನೆಲದ ಮೇಲೆ, ಅಲ್ಲೇ ಕುಳಿತರು. ಪೂರ್ತಿ ನೋಡಿದರು. ಮೈಕ್ ಹಿಡಿದ ಮುತ್ಯಾನ ಮುಖ ಬರೀ ಕಪ್ಪು. ಚೆಂದ ಇರಲೆಂದು ನಾನು ಹಾಕಿದ್ದ ಶಹನಾಯಿ — ಅದೊಂದೇ ಕೇಳುತ್ತಿತ್ತು.

ಹೊರಗೆ ಬಂದು ಹೇಳಿದರು: "ನಮ್ಮ ಕೆಲಸ ಸ್ಟುಡಿಯೋದಾಗ ಮುಗ್ಯಾಂಗಿಲ್ಲ ಸಂಗು. ನೋಡವ್ರ ಮನ್ಯಾಗ ಮುಗೀತೈತಿ."

ಅದೇ ದಿನ ಶಹನಾಯಿ ತೆಗೆದೆವು, ಮುತ್ಯಾನ ದನಿ ಏರಿಸಿದೆವು, ಮುಖಕ್ಕೆ ಬೆಳಕು ತಂದೆವು. ಮರುದಿನ ಲಾಡಲೇಸಾಬರೇ ಹೋಗಿ, ಅದೇ ಒಲೆಯ ಪಕ್ಕ ಕುಳಿತು, ಇನ್ನೊಮ್ಮೆ ನೋಡಿ ಬಂದರು. ನಾನು ಮಾತ್ರ ಹೋಗಲಿಲ್ಲ — ನಾಚಿಕೆಯಾಗಿತ್ತು. ಇವತ್ತು ಎಲ್ಲರ ಎದುರಿಗೆ ಹೇಳುತ್ತೇನೆ. ತಪ್ಪಾಯಿತು ಕಾಳವ್ವ. ಮಂದ ಆಗಿದ್ದದ್ದು ನನ್ನ ಕಿವಿ.

ಈಗ ಲಾಡಲೇಸಾಬರ ಎರಡು ನಿಮಿಷದ ವಿಡಿಯೋ ಇದೆ. ಅವರ ದನಿ ಇದೆ. ಬೆಳಿಗ್ಗೆಯೇ ಬಂದು, ಭಾಭಿ, ನೀವೀಗ ಕುಳಿತಿರುವ ಕುರ್ಚಿಯಲ್ಲಿ ಕುಳಿತು ನೋಡಿದೆ. ಫ್ಯಾನ್ ಹಾಕಿದರೆ ಅಲ್ಲಿಗೆ ಕೇಳುವುದಿಲ್ಲ. ಸೆಕೆ ಆಗುತ್ತದೆ, ಎಲ್ಲರೂ ತಡೆದುಕೊಳ್ಳಿ.

ಫ್ಯಾನ್ ಬಂದ್ ಮಾಡ್ರಿ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ — ಒಂದು ನಿಮಿಷ ಮೌನ. ಆಮೇಲೆ ಅವರು ಮಾತಾಡಲಿ.