ಇಬ್ಬರ ಕೋಣೆ

ಒಕ್ಕಣೆ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ಹಿಟ್ಟಿನ ಗಿರಣಿಯ ಮುಂದೆ ಗೋಧಿ ಚೀಲಗಳ ಸಾಲು ಬೀದಿಯವರೆಗೂ ಬೆಳೆದಿತ್ತು. ಬೆಲ್ಟು ಕಳಚಿ ಗಿರಣಿಯ ಸದ್ದು ನಿಂತಾಗ, ನನ್ನ ಮುಂದಿದ್ದ ಅಜ್ಜಿ ಮೊಮ್ಮಗಳು ಕೂಗಿ ಆಡುತ್ತಿದ್ದ ಮಾತು ಎಲ್ಲರಿಗೂ ಕೇಳಿಸಿತು. ಇಬ್ಬರೂ ತಟ್ಟನೆ ದನಿ ತಗ್ಗಿಸಿದರು.

“ಸಂಜೆಯೊಳಗೆ ಯಾವ ಯೂನಿವರ್ಸಿಟಿ ಅಂತ ಹೇಳ್ಬೇಕಜ್ಜಿ. ಅಪ್ಪ ದೊಡ್ಡದಕ್ಕೇ ಹೋಗು ಅಂತಾರೆ.”

“ಎರಡೂ ಸಮುದ್ರದಾಚೆನೇ ತಾನೆ? ದೊಡ್ಡದಕ್ಕೇ ಹೋಗು.”

“ಅಲ್ಲಿ ಹಾಸ್ಟೆಲಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಚಿಕ್ಕದರಲ್ಲಿ ಇಬ್ಬರಿಗೊಂದು.”

“ಇಡೀ ಕೋಣೆ ನಿಂದೇ! ಮಹಾರಾಣಿ ಹಾಗೆ ಇರ್ಬಹುದಲ್ಲೇ.”

“ಅಜ್ಜಿ, ನಾನು ಯಾವತ್ತಾದ್ರೂ ಒಬ್ಬಳೇ ಮಲಗಿದೀನಾ?”

ಅಜ್ಜಿ ಚೀಲದ ಬಾಯಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು.

“ದೀಪ ಆರಿಸಿದ್ರೆ ಎದೆ ಹೊಡ್ಕೊಳ್ಳುತ್ತೆ. ನಿನ್ನ ಗೊರಕೆ ಕೇಳಿದ್ರೇನೇ ನಂಗೆ ನಿದ್ದೆ. ಇಷ್ಟು ದೊಡ್ಡವಳಾಗಿ ಇದನ್ನ ಅಪ್ಪಂಗೆ ಹ್ಯಾಗೆ ಹೇಳ್ಲಿ?”

“ನಾನ್ಯಾವಾಗ ಗೊರಕೆ ಹೊಡೆದೆ!”

“ತಮಾಷೆ ಬೇಡಜ್ಜಿ. ನಿಜವಾಗ್ಲೂ ಭಯ ಆಗ್ತಿದೆ.”

ಅಜ್ಜಿ ಅವಳ ಕೈ ಹಿಡಿದುಕೊಂಡಳು.

“ಸರಿ, ಚಿಕ್ಕದಕ್ಕೇ ಹೂಂ ಅನ್ನು. ನಿಮ್ಮಪ್ಪಂಗೆ ನಾನು ಹೇಳ್ತೀನಿ. ಮದುವೆ ಆಗೋವರೆಗೂ ನನ್ನ ಮಗ್ಗುಲಲ್ಲೇ ಬಿದ್ಕೊಂಡಿದ್ದೋನು, ಬಾಯಿ ಬಿಡಲ್ಲ.”

ಬೆಲ್ಟು ಏರಿತು. ಗಿರಣಿ ಮತ್ತೆ ಗುಡುಗಿತು. ಅವರ ಹಿಟ್ಟು ಬಂದಾಗ ಬಿಸಿ ಚೀಲದ ಒಂದೊಂದು ಮೂಲೆ ಹಿಡಿದು ಇಬ್ಬರೂ ಎತ್ತಿದರು.

“ನಿಂಗೇನೋ ಜೊತೆ ಸಿಕ್ತು,” ಅಜ್ಜಿ ಸದ್ದಿನ ಮೇಲೆ ಕೂಗಿ ಹೇಳಿದಳು. “ನೀನು ಹುಟ್ಟಿದಾಗಿಂದ ನಾನೂ ಒಬ್ಬಳೇ ಮಲಗಿಲ್ಲ ಕಣೇ. ನಂಗ್ಯಾರು?”

ಹುಡುಗಿ ನಿಂತು ಅವಳ ಮುಖವನ್ನೇ ನೋಡಿದಳು. ಆಮೇಲೆ ಅಜ್ಜಿಯ ಕೈಯಲ್ಲಿದ್ದ ಚೀಲದ ಮೂಲೆಯನ್ನೂ ತಾನೇ ಹಿಡಿದು ಬೀದಿಗಿಳಿದಳು.