ಎದ್ದು ನಿಲ್ಲದ ವಾದ್ಯವೃಂದ

…ಇಲ್ಲ ಮೇಯರ್ ಮೇಡಂ, ಕ್ಷಮಿಸಿ, ಅದನ್ನು ಮಾತ್ರ ಒಪ್ಪಲಾರೆ. "ಎಲ್ಲ ಚೆನ್ನಾಗಿ ಮುಗಿಯಿತು" ಅಂತ ಈಗ ತಾನೇ ಹೇಳಿ ಕೂತಿರಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ವೇದಿಕೆಯ ಮೇಲಿನ ಹಿರಿಯರೇ, ತಮ್ಮ ಬೀಳ್ಕೊಡುಗೆಗೆ ಬಂದು ಮುಂದಿನ ಸಾಲಿನಲ್ಲಿ ಕೋಟೂ ಬಿಚ್ಚದೆ ಕೂತಿರುವ ನಮ್ಮ ಒಪೆರಾ ನಿರ್ದೇಶಕರು, ಮೇಷ್ಟ್ರು ಫೋಲ್ಕ್‌ಮಾರ್ ಡ್ರೈಹೌಪ್ಟ್ ಅವರೇ, ಅವರು ಬೀಸುವ ಕೋಲಿನ ತುದಿ ನೋಡುತ್ತಲೇ ಕೂದಲು ಹಣ್ಣಾದ ವಾದ್ಯವೃಂದದವರೇ, ಸಭಿಕರೇ.

ನಾನು ಯೂಲೆ. ಮೇಷ್ಟ್ರ ಅಭಿಮಾನಿಗಳ ಚಾಟ್ ಗುಂಪು ನಡೆಸುವವಳು. ಗುಂಪಿನಲ್ಲಿ ಜನ ಕಡಿಮೆ, ಜಗಳ ಜಾಸ್ತಿ. "ಎರಡನೇ ಅಂಕ ಎಳೀತಾರಪ್ಪ" ಅಂತ ಯಾರೋ ಬರೆದರೆ ಸಾಕು, ನಾನು ಊಟ ಬಿಟ್ಟು ಉತ್ತರ ಬರೆಯುತ್ತೇನೆ.

ಮೇಷ್ಟ್ರು ಯಾರು? ಬೇಕರಿಯವರ ಮಗ. ಈ ಒಪೆರಾ ಮನೆಗೆ ಬಂದದ್ದು ಗಾಯಕರ ಅಭ್ಯಾಸಕ್ಕೆ ಪಿಯಾನೋ ನುಡಿಸಲು. ಒಂದು ಸಂಜೆ ಆಗಿನ ನಿರ್ದೇಶಕರಿಗೆ ಜ್ವರ ಬಂತು. ಅವರದೇ ಕೋಟು ತೊಟ್ಟು, ಉದ್ದದ ತೋಳು ಮಡಿಚಿಕೊಂಡು, ಇವರು ಇಡೀ ಒಪೆರಾ ನಡೆಸಿದರು. ಬರ್ಲಿನ್ ಗೋಡೆ ಬಿದ್ದ ಮೇಲೆ ಪಶ್ಚಿಮದ ದೊಡ್ಡ ಊರು ಹ್ಯಾಂಬರ್ಗ್‌ನಿಂದ ಕರೆ ಬಂತು. ಹೋದರೇ? ಹೋಗಲಿಲ್ಲ. ಯಾಕೆ ಅಂತ ಕೇಳಿದ್ದೆ. "ನಾನು ಹೋದ್ರೆ ಈ ವಾದಕರು ಉಸಿರು ತಗೊಳ್ಳೋದನ್ನ ನೋಡಿ ಕೈ ಎತ್ತೋರು ಯಾರೇ?" ಅಂದರು.

ಆಮೇಲೆ ಸರ್ಕಾರದ ಆದೇಶ ಬಂತು. ನಮ್ಮ ವಾದ್ಯವೃಂದವನ್ನು ಪಕ್ಕದೂರಿನದರ ಜೊತೆ ಸೇರಿಸಬೇಕು, ಇಲ್ಲದಿದ್ದರೆ ಎರಡಕ್ಕೂ ಬೀಗ. ಅರ್ಧವಾದರೂ ಉಳಿಯಲಿ ಅಂತ ಮೇಷ್ಟ್ರು ಸಹಿ ಹಾಕಿದರು. ಮಿಕ್ಕ ಅರ್ಧ ಜನರಿಗೆ ಕೆಲಸ ಹೋಯಿತು. ನನ್ನ ಅಪ್ಪನಿಗೂ. ಅಪ್ಪ ಊದುತ್ತಿದ್ದ ಟ್ರಾಂಬೋನ್ ಈಗ ನಮ್ಮ ಬೀರುವಿನ ಮೇಲಿದೆ. ಇದನ್ನು ಹೇಳಬೇಕು ಅಂದುಕೊಂಡಿರಲಿಲ್ಲ. ಇರಲಿ.

ಮೇಯರ್ ಮೇಡಂ, ನೀವು ಊರಿಗೆ ಹೊಸಬರು, ಅದಕ್ಕೆ ವಿವರಿಸುತ್ತೇನೆ. ಕಛೇರಿ ಮುಗಿದ ಮೇಲೆ ನಿರ್ದೇಶಕರು ಕೈಯೆತ್ತಿ ವಾದಕರನ್ನು ಏಳಿಸುತ್ತಾರೆ, ಚಪ್ಪಾಳೆ ಎಲ್ಲರಿಗೂ ಸೇರಲಿ ಅಂತ. ಆದರೆ ಯಾರ ಮೇಲೆ ತುಂಬಾ ಪ್ರೀತಿಯೋ ಅವರು ಕೈಯೆತ್ತಿದಾಗ ವಾದಕರು ಏಳುವುದಿಲ್ಲ. "ಈ ಚಪ್ಪಾಳೆ ನಿಮ್ಮೊಬ್ಬರದೇ" ಅಂತ ಕೂತೇ ಇರುತ್ತಾರೆ, ಕಾಲಿನಿಂದ ನೆಲ ಗುದ್ದುತ್ತಾರೆ. ಅದಕ್ಕಿಂತ ದೊಡ್ಡ ಗೌರವ ನಮ್ಮಲ್ಲಿಲ್ಲ. ನಿರ್ದೇಶಕರ ಮುಖ ನೋಡಲೂ ಮನಸ್ಸಿಲ್ಲದಿದ್ದಾಗಲೂ ಏಳುವುದಿಲ್ಲ, ಆಗ ಕಾಲೂ ಅಲ್ಲಾಡಿಸುವುದಿಲ್ಲ. ಅದಕ್ಕಿಂತ ದೊಡ್ಡ ಅವಮಾನವೂ ಇಲ್ಲ.

ಕಳೆದ ವಾರ ಮೇಷ್ಟ್ರ ಕೊನೆಯ ಒಪೆರಾ. ಕೆಲಸ ಹೋದವರಿಗೂ ಅದೇ ಕೊನೆಯದು. ಮೇಷ್ಟ್ರು ಕೈಯೆತ್ತಿದರು. ಯಾರೂ ಏಳಲಿಲ್ಲ. ಮತ್ತೆ ಎತ್ತಿದರು. ಇಲ್ಲ. ನೆಲ ಗುದ್ದಿದ ಸದ್ದಾಯಿತೇ? ನಮ್ಮ ಚಪ್ಪಾಳೆಯ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು? ನಾನಂತೂ ಖುಷಿಯಿಂದ ಕಿರುಚಿದೆ, ಚಾಟ್ ಗುಂಪಿಗೆ ಹತ್ತಾರು ಹೃದಯದ ಚಿತ್ರ ಕಳಿಸಿದೆ.

ಮೊನ್ನೆ ಅವರ ಮನೆಗೆ ಹೋದೆ. ಪೆಟ್ಟಿಗೆ ಕಟ್ಟುತ್ತಿದ್ದರು. ನಾಳೆ ತಂಗಿಯ ಊರಿಗೆ ಹೊರಡುತ್ತಾರೆ. ನನಗೆ ಆಲೂಗಡ್ಡೆ ಸಾರು ಬಡಿಸಿದರು, ತಾವು ಮಾತ್ರ ಮುಟ್ಟಲಿಲ್ಲ.

"ಅವತ್ತಿನ ಬಗ್ಗೆ ನಿಮ್ಮಪ್ಪ ಏನಂದ?"

"ನಾನಿನ್ನೂ ಕೇಳಿಲ್ಲ ಮೇಷ್ಟ್ರೇ."

"ಇಷ್ಟು ವರ್ಷ ಅವ್ರ ಉಸಿರು ನೋಡಿ ಕೈ ಎತ್ತಿದೋನು ನಾನು. ಅವತ್ತು ಪ್ರೀತಿಗೆ ಕೂತ್ರೋ ಸಿಟ್ಟಿಗೆ ಕೂತ್ರೋ, ಒಬ್ಬರ ಮುಖಾನೂ ಓದಕ್ಕಾಗ್ಲಿಲ್ಲ ಕಣೇ."

ಮನೆಗೆ ಬಂದು, ಯಾಕೆ ಏಳಲಿಲ್ಲ ಅಂತ ಅಪ್ಪನನ್ನು ಕೇಳಿದೆ. ಅಪ್ಪ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಲೇ ಇದ್ದ. "ತಣ್ಣಗಾಗತ್ತೆ, ತಿನ್ನು" ಅಂದ. ತಣ್ಣಗಾಗುವಂಥದ್ದು ಮೇಜಿನ ಮೇಲೆ ಏನೂ ಇರಲಿಲ್ಲ.

ಹೂಗುಚ್ಛ ಕೊಟ್ಟಾಯಿತು, ಶಾಂಪೇನ್ ಕಾಯುತ್ತಿದೆ. ನನಗೂ ಮೈಕು ಕೊಟ್ಟಿದ್ದಕ್ಕೆ ಧನ್ಯವಾದ, ಎಲ್ಲರಿಗೂ ನಮಸ್ಕಾರ. ಆದರೆ ಮೇಷ್ಟ್ರು ಈ ಅನುಮಾನ ಹೊತ್ತುಕೊಂಡು ರೈಲು ಹತ್ತುವುದು ಬೇಡ. ವಾದ್ಯವೃಂದದವರೇ, ಈಗ ಇಲ್ಲಿ ಚಪ್ಪಾಳೆಯ ಗದ್ದಲವಿಲ್ಲ, ಸಣ್ಣ ಸದ್ದೂ ಕೇಳಿಸುತ್ತದೆ. ಅವತ್ತು ಪ್ರೀತಿಗೆ ಕೂತಿದ್ದವರು ಈಗ ನೆಲ ಗುದ್ದಿ.

ಅಪ್ಪಾ, ಕೊನೇ ಸಾಲಲ್ಲಿ ಬೂಟು ನೋಡ್ತಾ ಕೂತಿದೀಯಲ್ಲ, ನಿನ್ನ ಕಾಲು ಏನು ಹೇಳತ್ತೆ?