ಎಡಗಡೆಯ ಬಾಗಿಲು

ವಿಶ್ವವಿದ್ಯಾಲಯದ ಆ ಉದ್ದನೆಯ ಕಾರಿಡಾರಿನಲ್ಲಿ ಅಕ್ಕಪಕ್ಕ ಎರಡು ಬಾಗಿಲು. ಬಲಗಡೆ ಪ್ರಯೋಗಾಲಯ ಸಹಾಯಕರ ಕೆಲಸಕ್ಕೆ ಸಂದರ್ಶನ, ಎಡಗಡೆ ಪಿಎಚ್‌ಡಿ ಸೀಟಿಗೆ. ಕೆಲಸಕ್ಕೆಂದು ಬಂದಿದ್ದ ಗಡ್ಡದ ಯುವಕ ಬೆಂಚಿನ ಮೇಲೆ ಕಾದು ಕಾದು ಸುಸ್ತಾಗಿದ್ದ. ಅವನ ಪಕ್ಕದಲ್ಲಿ ಒಬ್ಬ ಹಿರಿಯಾಕೆ ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಅಷ್ಟರಲ್ಲಿ, ಅದೇ ಕೆಲಸದ ಸಂದರ್ಶನಕ್ಕೆಂದು ಬಂದಿದ್ದ ಅವರ ಸೊಸೆ ಎಡಗಡೆಯ ಬಾಗಿಲಿನಿಂದ ಓಡೋಡಿ ಬಂದಳು.

“ಅತ್ತೆ, ಎಡವಟ್ಟಾಯ್ತು! ನೀವು ತೋರಿಸಿದ್ದು ಪಿಎಚ್‌ಡಿ ಬಾಗಿಲು.”

“ಹೌದಾ? ಬೈದು ಕಳಿಸಿದ್ರಾ?”

“ಇಲ್ಲ. ಅಲ್ಲಿಗೂ ಅರ್ಜಿ ಹಾಕಿದ್ನಲ್ಲ, ಒಳಗೆ ಕೂರಿಸಿಯೇಬಿಟ್ರು. ನೀರಿನ ತೊಟ್ಟಿ ಪಾಚಿ ಬಗ್ಗೆ ಹೇಳ್ದೆ.”

“ನನ್ನ ಊಟದ ಡಬ್ಬೀಲೆಲ್ಲ ಬೆಳೆಸಿಟ್ಟಿದ್ದೀಯಲ್ಲ, ಅದಾ?”

“ಅದೇ. ಸೀಟು ನಿಂದೇ ಅಂದ್ರು, ಅತ್ತೆ! ಸ್ಟೈಪೆಂಡೂ ಇದೆಯಂತೆ.”

“ಮತ್ತೆ ಯಾಕೆ ಅಳ್ತೀಯಾ?”

“ಕೆಲಸ ಆಗಿದ್ರೆ ಸಂಜೆಗೆ ಮನೆ ಸೇರ್ಕೋಬಹುದಿತ್ತು. ಇದು ಹೊತ್ತುಗೊತ್ತಿಲ್ಲದ ದುಡಿಮೆ. ಮಗೂನ ಯಾರು ನೋಡ್ಕೋತಾರೆ?”

“ಈಗ ಯಾರ ತೊಡೆ ಮೇಲೆ ಮಲಗಿದೆ ಅದು?”

ಯುವಕ ನಗು ತಡೆಯಲಾರದೆ ಫೈಲನ್ನು ಮುಖಕ್ಕೆ ಅಡ್ಡ ಹಿಡಿದ.

“ಅಲ್ಲ ಅತ್ತೆ, ಬಾಗಿಲ ಮೇಲೆ ಅಷ್ಟು ದಪ್ಪಕ್ಷರದಲ್ಲಿ ಬರೆದಿದ್ದಾರೆ. ಗಾಬರೀಲಿ ನಾನು ನೋಡ್ಲಿಲ್ಲ, ಸರಿ. ನೀವೂ ನೋಡ್ಲಿಲ್ವಾ?”

ಅತ್ತೆ ಎದ್ದು, ಮಗುವನ್ನು ಹೆಗಲಿಗೆ ಹಾಕಿಕೊಂಡು, ಮೆಟ್ಟಿಲ ಕಡೆ ಗತ್ತಿನಿಂದ ಹೊರಟರು.

“ನೋಡಿಯೇ ಕಳಿಸಿದ್ದು ಕಣೇ. ದಿನಾ ಪಾಚಿ ಪಾಚಿ ಅಂತ ನನ್ನ ತಲೆ ತಿಂತಿದ್ದೆ. ಇನ್ಮೇಲೆ ಅವರ ತಲೆ ತಿನ್ನು, ನಡಿ!”